ಓದುಗರ ಪ್ರಶ್ನೆ: ನಿಧಾನದ ನಡಿಗೆ, ಮರದಡಿಯ ಧ್ಯಾನ

ಪ್ರಶ್ನೆ: ಲಾಲ್‌ಬಾಗ್‌ನಲ್ಲಿ ನಡೆಯುತ್ತಾ ಧ್ಯಾನ ಮಾಡಲು ಹೊರಟಿದ್ದೇನೆ. ನಿಧಾನ ಮಾಡಿದಷ್ಟೂ ಮೈ ತೂರಾಡುತ್ತದೆ. ಏನು ಮಾಡಲಿ? (ಬೆಂಗಳೂರು)

ಉತ್ತರ: ನಡಿಗೆ ನಿಧಾನವಾದಷ್ಟೂ ಮೈಭಾರ ಒಂಟಿ ಕಾಲಿನ ಮೇಲೆ ನಿಲ್ಲುವ ಹೊತ್ತು ಹೆಚ್ಚುತ್ತದೆ, ಅದಕ್ಕೇ ತೂರಾಟ. ಕತ್ತು ಬಗ್ಗಿಸಿ ಪಾದ ನೋಡುತ್ತಿದ್ದರೆ ಇನ್ನೂ ಕಷ್ಟ. ಹೆಜ್ಜೆಯನ್ನು ಒಂದು ಪಾದದುದ್ದಕ್ಕೆ ಇಳಿಸಿ, ಕಾಲುಗಳ ನಡುವೆ ನಾಲ್ಕು ಬೆರಳು ಅಂತರ ಬಿಡಿ, ನೋಟ ಆರೇಳು ಅಡಿ ಮುಂದಿರಲಿ. ತೋಟವಿಡೀ ಸುತ್ತಬೇಡಿ. ಜನಸಂಚಾರವಿಲ್ಲದ ಕಡೆ 20 ಹೆಜ್ಜೆಯಷ್ಟು ಸಮತಟ್ಟು ಜಾಗದಲ್ಲೇ ಹೋಗಿ ಬನ್ನಿ. ಬರ್ಮಾದ ವಿಪಸ್ಸನ ಪರಂಪರೆಯಲ್ಲಿ ಕಲಿಸುವಂತೆ ಪಾದ ಎತ್ತಿದ್ದು, ಮುಂದೆ ಸಾಗಿದ್ದು, ನೆಲಕ್ಕಿಟ್ಟದ್ದು ಮೂರನ್ನೂ ಬೇರೆಬೇರೆಯಾಗಿ ಗಮನಿಸಿ. ಉಸಿರನ್ನು ಹೆಜ್ಜೆಗೆ ಜೋಡಿಸಲು ಹೋದರೆ ಎದೆ ಬಿಗಿಯುತ್ತದೆ, ಅದನ್ನು ಅದರ ಪಾಡಿಗೆ ಬಿಡಿ. ಮೊದಲ ವಾರ ಹತ್ತು ನಿಮಿಷ ಸಾಕು.

ಸಮತೋಲ ಬಂದ ಮೇಲೆ ಅಲ್ಲಿನ ಬಂಡೆಗೆ ಹೋಗಿ. ಸುಮಾರು 300 ಕೋಟಿ ವರ್ಷದ ಶಿಲೆ ಅದು. ಬೆಳಗಿನ ತಂಪಿನಲ್ಲಿ ಬರಿಗಾಲಲ್ಲಿ ನಿಂತರೆ ಇಳಿಜಾರು ಎತ್ತ ಎಂಬುದನ್ನು ಕಣ್ಣಿಗಿಂತ ಮೊದಲು ಅಂಗಾಲು ಹೇಳುತ್ತದೆ. ಮಳೆ ಬಂದು ಜಾರುವಾಗ ಬೇಡ. ಸಕ್ಕರೆ ಕಾಯಿಲೆಯಿಂದ ಪಾದ ಜೋಮು ಹಿಡಿಯುವವರು ಚಪ್ಪಲಿ ಬಿಡಬಾರದು.

ಪ್ರಶ್ನೆ: ಮರದಡಿ ಕೂತಾಗ ಹಕ್ಕಿ ಕೂಗಿದರೆ ಕೂಡಲೇ ಮೊಬೈಲ್ ತೆಗೆದು ಹೆಸರು ಹುಡುಕುತ್ತೇನೆ. ಇದು ಧ್ಯಾನಕ್ಕೆ ಅಡ್ಡಿಯೇ? (ಮೈಸೂರು)

ಉತ್ತರ: ಹೆಸರು ತಿಳಿಯುವ ಆಸೆ ಒಳ್ಳೆಯದೇ. ಆದರೆ ಹೆಸರು ಸಿಕ್ಕಿದೊಡನೆ ಕೇಳುವುದು ನಿಂತುಹೋಗುತ್ತದೆ. ಮೊದಲ 15 ನಿಮಿಷ ಕೇಳುವುದೊಂದೇ ಕೆಲಸವಾಗಲಿ: ಕೂಗು ಯಾವ ದಿಕ್ಕಿನದು, ಎರಡು ಕೂಗಿನ ನಡುವೆ ಎಷ್ಟು ಬಿಡುವು, ಉತ್ತರ ಕೊಡುವವರಿದ್ದಾರೆಯೇ? ‘ಟುಕ್ ಟುಕ್’ ಎಂದು ಒಂದೇ ಸಮನೆ ಕೂಗುವ ಚೆಂಬುಕುಟಿಗ ಒಂದೇ ಕೊಂಬೆಯಲ್ಲಿ ಕೂತು ತಲೆ ಅತ್ತಿತ್ತ ತಿರುಗಿಸುವುದರಿಂದ ದನಿ ಜಾಗ ಬದಲಿಸಿದಂತೆ ಕೇಳುತ್ತದೆ. ಕೊಕ್ಕು ಮುಚ್ಚಿಯೇ ಇರುತ್ತದೆ, ಗಂಟಲು ಮಾತ್ರ ಉಬ್ಬುತ್ತದೆ. ಇದನ್ನೆಲ್ಲ ಕಾದು ಕೂತವರೇ ಕಾಣಬಲ್ಲರು. ಎದ್ದ ಮೇಲೆ ಕಂಡದ್ದು, ಕೇಳಿದ್ದು ಎರಡು ಸಾಲು ಬರೆದು, ಆಮೇಲೆ ಹೆಸರು ಹುಡುಕಿ.

ಪ್ರಶ್ನೆ: ಮನೆ ಹಿಂದಿನ ಕಾಡಿನಲ್ಲಿ ತರಗೆಲೆ ಮೇಲೆ ಕೂರಬಹುದೇ? (ಸಾಗರ)

ಉತ್ತರ: ಡಿಸೆಂಬರ್‌ನಿಂದ ಮೇವರೆಗೆ ಖಂಡಿತ ಬೇಡ. ಮಂಗನ ಕಾಯಿಲೆ ಹರಡುವ ಉಣುಗು ತರಗೆಲೆಯಲ್ಲೇ ಇರುತ್ತದೆ. ನಿಮ್ಮ ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲೇ 1957ರಲ್ಲಿ ಈ ರೋಗ ಪತ್ತೆಯಾದದ್ದು. ಆ ತಿಂಗಳುಗಳಲ್ಲಿ ಅಂಗಳದಲ್ಲಿ ಕುರ್ಚಿ ಹಾಕಿ ಕಾಡಿಗೆ ಮುಖ ಮಾಡಿ ಕೂರಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಆರೋಗ್ಯ ಕೇಂದ್ರಕ್ಕೆ ತಿಳಿಸಿ.