ಧರೆ ಪಕ್ಕದ ಜಾಗದಲ್ಲಿ ಮನೋರೋಗಿಗಳ ವಾರ್ಡ್: ಏನೇನು ನೋಡಬೇಕು?

ಪ್ರಶ್ನೆ: ನಮ್ಮ ಟ್ರಸ್ಟ್ ಆಸ್ಪತ್ರೆಗೆ 20 ಹಾಸಿಗೆಯ ಮಾನಸಿಕ ಆರೋಗ್ಯ ವಿಭಾಗ ಕಟ್ಟಬೇಕೆಂದಿದ್ದೇವೆ. ಜಾಗ ಇಳಿಜಾರು. ಸ್ವಲ್ಪ ಅಗೆದರೆ ಜಂಬಿಟ್ಟಿಗೆ (ಕೆಂಪು ಮುರಕಲ್ಲು) ಸಿಗುತ್ತದೆ, ಪಾಯಕ್ಕೆ ಚಿಂತೆ ಇಲ್ಲ ಅಂತ ಕಂಟ್ರಾಕ್ಟರ್ ಹೇಳುತ್ತಾರೆ. ಎರಡು ಅಂತಸ್ತು ಕಟ್ಟಿ, ಕಿಟಕಿಗಳಿಗೆ ದಪ್ಪ ಗ್ರಿಲ್ ಹಾಕಿಸಿದರೆ ಸಾಕಲ್ವಾ?
– ಓದುಗರು, ತೀರ್ಥಹಳ್ಳಿ ತಾಲ್ಲೂಕು

ಉತ್ತರ: ಸಾಕಾಗುವುದಿಲ್ಲ. ಜಂಬಿಟ್ಟಿಗೆ ಸಿಕ್ಕಿತು ಅಂತ ಅಲ್ಲಿಗೇ ನಿಲ್ಲಿಸಬೇಡಿ. ನಮ್ಮ ಕಡೆ ಅದರ ಅಡಿಯಲ್ಲಿ ಎಷ್ಟೋ ಕಡೆ ಶೇಡಿ ಮಣ್ಣು ಇರುತ್ತದೆ. ಒಣಗಿದ್ದಾಗ ಬಹಳ ಗಟ್ಟಿ. ನೀರು ಕುಡಿದರೆ ಬಲವೆಲ್ಲ ಇಳಿದುಹೋಗುತ್ತದೆ, ನೀರಿನ ಜತೆ ಕೊಚ್ಚಿಕೊಂಡೂ ಹೋಗುತ್ತದೆ. ಜಾಗ ಸಮ ಮಾಡಲು ಜೆಸಿಬಿ ತಂದು ಧರೆ (ಇಳಿಜಾರಿನ ಮಣ್ಣಿನ ದಿಬ್ಬ) ಕಡಿದರೆ ಈ ಶೇಡಿ ಬಯಲಿಗೆ ಬೀಳುತ್ತದೆ. ಮಳೆಗಾಲದಲ್ಲಿ ಜಲ ಎದ್ದಾಗ, ಅಂದರೆ ನೆಲದೊಳಗಿಂದ ನೀರು ಒಸರಿದಾಗ, ಮೊದಲು ಜಾರುವುದು ಅದೇ. ಮೇಲಿನ ಜಂಬಿಟ್ಟಿಗೆ ಅದರ ಹಿಂದೆಯೇ ಬರುತ್ತದೆ. ಹಾಗಾಗಿ ಜಂಬಿಟ್ಟಿಗೆ ದಾಟಿ ಕೆಳಗಿನವರೆಗೂ ಕೊರೆಸಿ ಮಣ್ಣು ಪರೀಕ್ಷೆ ಮಾಡಿಸಿ. ಪಾಯ ಹೇಗಿರಬೇಕೆಂದು ಸ್ಟ್ರಕ್ಚರಲ್ ಎಂಜಿನಿಯರ್ ಆ ವರದಿ ನೋಡಿಯೇ ಹೇಳಲಿ.

ಧರೆ ಕಡಿಯಲೇಬೇಕಾದರೆ ಮಳೆ ಬಿಟ್ಟ ಮೇಲೆ ಶುರು ಮಾಡಿ, ಜೂನ್‌ಗೆ ಮೊದಲೇ ತಡೆಗೋಡೆ ಮುಗಿಸಿ. ಗೋಡೆ ಹಿಂದೆ ಜಲ್ಲಿ ತುಂಬಬೇಕು, ನೀರು ಬಸಿಯಲು ಗೋಡೆಯಲ್ಲಿ ಪೈಪ್ ಬಿಡಬೇಕು. ಧರೆಯ ತಲೆಯ ಮೇಲೂ ಒಂದು ಕಾಲುವೆ ತೆಗೆದು ನೀರನ್ನು ಪಕ್ಕಕ್ಕೆ ತಿರುಗಿಸಿ. ಅಡಿಕೆ ತೋಟದಲ್ಲಿ ಬಸಿಗಾಲುವೆ ತೆಗೆಯುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

20 ಹಾಸಿಗೆಗೆ ಒಂದೇ ಅಂತಸ್ತು ಸಾಕು ಎಂಬುದು ನನ್ನ ಸಲಹೆ. ಇಳಿಜಾರಿಗೆ ಹೊಂದಿಕೊಂಡು ಎರಡು ಮಟ್ಟದಲ್ಲಿ ಕಟ್ಟಿ, ನಡುವೆ 12 ಅಡಿಗೆ 1 ಅಡಿ ಏರುವ ರ‍್ಯಾಂಪ್ ಕೊಡಿ. ಎತ್ತರದಿಂದ ಬೀಳುವ ಭಯವಿಲ್ಲ, ಧರೆ ಕಡಿಯುವುದೂ ಕಡಿಮೆ. ಒಳಗೊಂದು ತೊಟ್ಟಿ ಅಂಗಳ ಬಿಡಿ. ಮಳೆ ಹಿಡಿದು ಕೂತ ದಿನಗಳಲ್ಲೂ ರೋಗಿಗಳು ಸುತ್ತಲಿನ ಜಗಲಿಯಲ್ಲಿ ಓಡಾಡಬಹುದು. ಆದರೆ ನಾಲ್ಕೂ ಮಾಡಿನ ನೀರು ಅಲ್ಲೇ ಬೀಳುತ್ತದೆ. ಎಲೆ ಕಟ್ಟಿಕೊಂಡು ಒಂದು ಪೈಪ್ ನಿಂತರೂ ನೀರು ಹೋಗಲು ಇನ್ನೊಂದು ದಾರಿ ಇರಬೇಕು.

ಗ್ರಿಲ್ ವಿಷಯಕ್ಕೆ ನಾನು ಒಪ್ಪುವುದೇ ಇಲ್ಲ. ಮನಸ್ಸು ಕುಸಿದು ಬಂದವರನ್ನು ಜೈಲಿನಂಥ ಕೋಣೆಯಲ್ಲಿ ಮಲಗಿಸಬಾರದು. ಬೆಂಕಿ ಬಿದ್ದರೆ ಅದೇ ಗ್ರಿಲ್ ಹೊರಬರುವ ದಾರಿಗೆ ಅಡ್ಡ. ಲ್ಯಾಮಿನೇಟೆಡ್ ಗಾಜು ಹಾಕಿ, ಕಿಟಕಿ ಸುಮಾರು 10 ಸೆಂ.ಮೀ. ಮಾತ್ರ ತೆರೆಯುವಂತೆ ಮಾಡಿಸಿ. ಹೊರಗೆ ಹೋಗಲು ಸಿಬ್ಬಂದಿ ತಕ್ಷಣ ತೆರೆಯಬಲ್ಲ ಬಾಗಿಲುಗಳು ಬೇರೆಯೇ ಇರಲಿ. ಜೋರಾಗಿ ಒದ್ದರೂ ಕಿಟಕಿ ಚೌಕಟ್ಟು ಅಲುಗಬಾರದು. ಅದಕ್ಕೆ ಜಿಪ್ಸಂ ಬೋರ್ಡ್ ಆಗದು, ಗಟ್ಟಿ ಬ್ಲಾಕ್ ಗೋಡೆಯೇ ಬೇಕು. ಆ ಗೋಡೆಗಳ ಭಾರ ಎಂಜಿನಿಯರ್ ಲೆಕ್ಕದಲ್ಲಿ ಮೊದಲೇ ಸೇರಬೇಕು.

ಕೋಣೆ ಬಾಗಿಲು ಹೊರಕ್ಕೆ ತೆರೆಯಲಿ. ಒಳಗಿನವರು ಅಡ್ಡ ಕೂತರೂ ಸಿಬ್ಬಂದಿ ಒಳಗೆ ಹೋಗುವಂತಿರಬೇಕು. ಬಚ್ಚಲಿನಲ್ಲಿ ಬಟ್ಟೆ ಕಟ್ಟಿ ಜೀವಕ್ಕೆ ಅಪಾಯ ಮಾಡಿಕೊಳ್ಳಲು ಆಸರೆಯಾಗುವ ಕೊಕ್ಕೆ, ಸರಳು, ಹೊರಗೆ ಕಾಣುವ ಪೈಪ್ ಯಾವುದೂ ಬೇಡ. ಪೈಪ್‌ಗಳು ಗೋಡೆ ಹಿಂದಿನ ಡಕ್ಟ್‌ನಲ್ಲಿರಲಿ, ಅದರ ಬಾಗಿಲು ಸಿಬ್ಬಂದಿ ಓಡಾಡುವ ಕಡೆಗಿರಲಿ. ಸೋರಿದರೆ ರೋಗಿಯ ಕೋಣೆಗೆ ಹೋಗದೆಯೇ ಪ್ಲಂಬರ್ ಸರಿಮಾಡಬಹುದು. ಇವನ್ನೆಲ್ಲ ಆಮೇಲೆ ಸೇರಿಸಲು ಹೋದರೆ ಗೋಡೆ ಒಡೆಯಬೇಕಾಗುತ್ತದೆ. ಕಂಬಗಳ ಜಾಗ ಗುರುತಿಸುವ ಮೊದಲು ರಾತ್ರಿ ಪಾಳಿಯ ನರ್ಸ್‌ಗಳನ್ನು ಕೂರಿಸಿಕೊಂಡು ನಕ್ಷೆ ತೋರಿಸಿ. ಯಾವ ಮೂಲೆ ಕಣ್ಣಿಗೆ ಬೀಳುವುದಿಲ್ಲ ಎಂದು ಅವರು ಹೇಳುತ್ತಾರೆ.

ಇನ್ನೊಂದು ವಿಷಯ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯಂತೆ ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರದಲ್ಲಿ ನೋಂದಣಿ ಆಗದೆ ಇಂಥ ವಿಭಾಗ ನಡೆಸುವಂತಿಲ್ಲ. ಅಲ್ಲಿನ ಕನಿಷ್ಠ ಮಾನದಂಡಗಳನ್ನು ಈಗಲೇ ತರಿಸಿ, ನಕ್ಷೆ ಬರೆಯುವವರ ಕೈಗೆ ಕೊಡಿ.