ಮಾಣಿಕ್‌ದಾ ಮನೆಯಲ್ಲಿ ಹೇಗಿದ್ದರು?

ಕಳೆದ ಸಂಚಿಕೆಯಲ್ಲಿ ಬಂಗಾಳಿ ಚಿತ್ರ ನಿರ್ದೇಶಕ ಸತ್ಯಜಿತ್ ರಾಯ್ (ಆಪ್ತರ ಬಾಯಲ್ಲಿ ಮಾಣಿಕ್‌ದಾ) ಬಗ್ಗೆ ನಾವು ಹಾಕಿದ ಲೇಖನ ಓದಿ ಓದುಗರೊಬ್ಬರು ಹೀಗೆ ಬರೆದಿದ್ದಾರೆ: "ಅವರ ಕ್ಯಾಮೆರಾ, ಸಂಗೀತ, ಪ್ರಶಸ್ತಿ ಎಲ್ಲ ಬರೆದಿರಿ. ಮನೆಯಲ್ಲಿ ಹೇಗಿದ್ದರು ಅಂತ ಒಂದು ಸಾಲೂ ಇಲ್ಲ. ನನ್ನ ಗಂಡ ಸಿನಿಮಾದಲ್ಲಿ ಸಹಾಯಕ ನಿರ್ದೇಶಕರು. ತಿಂಗಳಿಗೆ ಎಂಟು ದಿನ ಮನೆಯಲ್ಲಿದ್ದರೆ ಜಾಸ್ತಿ. ಕೇಳಿದರೆ, ಕಲೆ ನಂಬಿದವರಿಗೆ ಸಂಸಾರ ಒಗ್ಗಲ್ಲ ಅಂತಾರೆ. ನಿಜವಾ? ಹತ್ತು ವರ್ಷದ ಮಗ ಶೂಟಿಂಗ್ ನೋಡಬೇಕು ಅಂತ ಹಟ ಮಾಡ್ತಾನೆ. ಅದಕ್ಕೂ ಬೇಡ ಅಂತಾರೆ."

ಪ್ರಿಯ ಓದುಗರೇ,

ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ನೀವು ಹೇಳಿದ ಕೊರತೆ ನಿಜ. ಆ ಲೇಖನವನ್ನು ನಾನೇ ತಿದ್ದಿದ್ದೆ. ಜಾಗ ಸಾಲದು ಅಂತ ಮನೆಯ ಮಾತನ್ನು ಬಿಟ್ಟೆ. ಬಿಡಬಾರದಿತ್ತು. ರಾಯ್ ವಿಷಯದಲ್ಲಿ ಮನೆ ಬಿಟ್ಟರೆ ಸಿನಿಮಾದ ಅರ್ಧ ಕಥೆ ಬಿಟ್ಟ ಹಾಗೆ.

ಅವರ ತಂದೆ ಸುಕುಮಾರ್ ರಾಯ್ ಬಂಗಾಳದ ಮಕ್ಕಳೆಲ್ಲ ಬಾಯಲ್ಲಿ ಹೇಳುವ ಪದ್ಯಗಳನ್ನು ಬರೆದವರು. 1923ರಲ್ಲಿ ತೀರಿಕೊಂಡರು. ಆಗ ಸತ್ಯಜಿತ್‌ಗೆ ಎರಡೂವರೆ ವರ್ಷವೂ ತುಂಬಿರಲಿಲ್ಲ. ಅಪ್ಪನ ಬಗ್ಗೆ ಅವರಿಗೆ ಉಳಿದಿದ್ದ ನೆನಪು ತೀರಾ ಸಣ್ಣದು. ಗಂಗೆಯ ದಡದ ಮನೆ. ಕಿಟಕಿಯ ಹತ್ತಿರ ಕೂತು ಚಿತ್ರ ಬಿಡಿಸುತ್ತಿದ್ದ ಅಪ್ಪ ಇದ್ದಕ್ಕಿದ್ದಂತೆ "ಹಡಗು ಹೋಗ್ತಿದೆ" ಅಂದರು. ಮಗು ಅಂಗಳಕ್ಕೆ ಓಡಿ ನೋಡಿತು, ಸ್ಟೀಮರ್ ಕೂಗುತ್ತ ಹೋಗುತ್ತಿತ್ತು. ಬಾಲ್ಯದ ನೆನಪುಗಳ ಪುಸ್ತಕದಲ್ಲಿ ರಾಯ್ ಇದನ್ನು ಬರೆದಿದ್ದಾರೆ. 1987ರಲ್ಲಿ, ತಂದೆಯ ನೂರನೇ ವರ್ಷಕ್ಕೆ, ಅವರ ಮೇಲೆ ಒಂದು ಸಾಕ್ಷ್ಯಚಿತ್ರ ಮಾಡಿದರು. ಆಗ ರಾಯ್‌ಗೆ 66 ವರ್ಷ, ಹೃದಯದ ಕಾಯಿಲೆ. ಗುರುತೇ ಸಿಗದ ಅಪ್ಪನನ್ನು ಫೋಟೋ, ಪದ್ಯ, ಚಿತ್ರಗಳಲ್ಲಿ ಹುಡುಕುತ್ತಾ ಕೂತ ಮಗ. ಆ ಕೆಲಸ ನೆನೆದಾಗಲೆಲ್ಲ ನನಗೆ ಗಂಟಲು ಕಟ್ಟುತ್ತದೆ.

ಅಪ್ಪ ಹೋದ ಮೇಲೆ ಮನೆಯ ಮುದ್ರಣಾಲಯವೂ ಮುಳುಗಿತು. ತಾಯಿ ಸುಪ್ರಭಾ ಮಗನನ್ನು ಕರೆದುಕೊಂಡು ತಮ್ಮ ತವರು ಕಡೆಯ ಮನೆಗೆ ಹೋದರು, ಹೊಲಿಗೆ ಕಲಿಸುವ ಕೆಲಸಕ್ಕೆ ಸೇರಿದರು. ಹಾಗೆ ಬೆಳೆದ ಹುಡುಗ ಮುಂದೆ 'ಅಪರಾಜಿತೋ' ಸಿನಿಮಾ ಮಾಡಿದ. ಕಥೆ ಕಾದಂಬರಿಕಾರ ಬಿಭೂತಿಭೂಷಣರದು, ಒಪ್ಪುತ್ತೇನೆ. ಆದರೆ ಓದಲು ಕಲ್ಕತ್ತಾಗೆ ಹೋದ ಮಗನ ದಾರಿ ನೋಡುತ್ತಾ ಮಿಂಚುಹುಳುಗಳ ಕತ್ತಲಲ್ಲಿ ಒಬ್ಬಳೇ ಕೂತ ಆ ತಾಯಿಯನ್ನು ಅಷ್ಟು ಹತ್ತಿರದಿಂದ ತೋರಿಸಲು ಬರೀ ಪುಸ್ತಕ ಓದಿದರೆ ಸಾಲದು ಅಂತ ನನ್ನ ನಂಬಿಕೆ.

ಈಗ ರಾಯ್ ಅವರ ಹೆಂಡತಿ ಬಿಜೋಯಾ ಅವರ ವಿಷಯಕ್ಕೆ ಬರುತ್ತೇನೆ. ನಿಮ್ಮ ಪ್ರಶ್ನೆ ಇರುವುದು ಅಲ್ಲೇ, ಅಲ್ವಾ?

ರಾಯ್ ಅವರ ಮೊದಲ ಸಿನಿಮಾ 'ಪಥೇರ್ ಪಾಂಚಾಲಿ'ಯ ಶೂಟಿಂಗ್ 1952ರಲ್ಲಿ ಶುರುವಾಯಿತು. ರಾಯ್ ಆಗ ಜಾಹೀರಾತು ಕಂಪನಿಯ ನೌಕರ. ರಜೆ ದಿನಗಳಲ್ಲಿ ಶೂಟಿಂಗ್. ದುಡ್ಡು ಮುಗಿದಾಗ ಕೆಲಸ ತಿಂಗಳುಗಟ್ಟಲೆ ನಿಂತಿತು. ವಿಮೆ ಪಾಲಿಸಿಯಿಂದ ಹಣ ಎತ್ತಿದರು, ಇಷ್ಟಪಟ್ಟು ಕೂಡಿಸಿದ್ದ ಪುಸ್ತಕ ಮಾರಿದರು. ಕೊನೆಗೆ ಬಿಜೋಯಾ ತಮ್ಮ ಒಡವೆಗಳನ್ನು ಅಡವಿಡಲು ಕೊಟ್ಟರು. ಈ ಪರದಾಟದ ನಡುವೆಯೇ, 1953ರ ಸೆಪ್ಟೆಂಬರ್‌ನಲ್ಲಿ, ಮಗ ಸಂದೀಪ್ ಹುಟ್ಟಿದ. ಕೈಗೂಸು, ಖಾಲಿ ಕೈ, ಅರ್ಧಕ್ಕೆ ನಿಂತ ಸಿನಿಮಾ. ಆ ಮನೆಯೊಳಗೆ ನಿಂತು ಸುಮ್ನೆ ಒಂದು ಸಲ ಯೋಚಿಸಿ.

ಆ ಸಿನಿಮಾದ ಪುಟ್ಟ ನಾಯಕ ಅಪುವಿನ ಪಾತ್ರಕ್ಕೆ ಹುಡುಗನೇ ಸಿಕ್ಕಿರಲಿಲ್ಲ. ಪತ್ರಿಕೆಯಲ್ಲಿ ಜಾಹೀರಾತು ಕೊಟ್ಟು, ಎಷ್ಟೋ ಮಕ್ಕಳನ್ನು ನೋಡಿ ರಾಯ್ ಸೋತಿದ್ದರು. ಪಕ್ಕದ ಮನೆ ಕಡೆ ಆಡುತ್ತಿದ್ದ ಹುಡುಗನನ್ನು ಕಂಡು ಇವನೇ ಅಪು ಅಂತ ಗುರುತಿಸಿದವರು ಬಿಜೋಯಾ. ಇನ್ನು ಸರ್ಕಾರದ ಹಣ ಬಂದದ್ದು? ತಾಯಿ ಸುಪ್ರಭಾ ತಮ್ಮ ಪರಿಚಯದವರ ಮೂಲಕ ಪಶ್ಚಿಮ ಬಂಗಾಳದ ಮುಖ್ಯಮಂತ್ರಿ ಬಿ.ಸಿ. ರಾಯ್ ಅವರ ತನಕ ಮಾತು ಮುಟ್ಟಿಸಿದ್ದರಿಂದ. 1955ರಲ್ಲಿ ಸಿನಿಮಾ ಬಿಡುಗಡೆಯಾಯಿತು. ಪೋಸ್ಟರ್ ಮೇಲೆ ಒಬ್ಬರ ಹೆಸರು ದೊಡ್ಡದಾಗಿ ಬಂತು. ಮನೆಯ ಇಬ್ಬರು ಹೆಂಗಸರು ಇಲ್ಲದಿದ್ದರೆ ಆ ಪೋಸ್ಟರ್ ಇರುತ್ತಿರಲಿಲ್ಲ.

ಆಮೇಲೂ ರಾಯ್ ಚಿತ್ರಕಥೆ ಬರೆದರೆ ಮೊದಲು ಓದುತ್ತಿದ್ದವರು ಬಿಜೋಯಾ. ಎಲ್ಲ ಸುಖವಾಗಿತ್ತು ಅಂತ ನಾನು ಹೇಳುವುದಿಲ್ಲ. ಅವರ ಸಂಸಾರದಲ್ಲಿ ನೋವಿನ ದಿನಗಳೂ ಬಂದವು. ಬಿಜೋಯಾ ತಮ್ಮ ನೆನಪಿನ ಪುಸ್ತಕದಲ್ಲಿ ಅದನ್ನು ಮುಚ್ಚಿಟ್ಟಿಲ್ಲ. ಅದನ್ನೂ ಬರೆದು, ಗಂಡನನ್ನು ಪ್ರೀತಿಯಿಂದಲೇ ನೆನೆದರು. ರಾಯ್ ಒಳ್ಳೆಯ ಗಂಡನಾ ಅಂತ ತೀರ್ಪು ಕೊಡಲು ನಾನು ಯಾರು? ಆದರೆ ಅವರು ಮನೆಯನ್ನು ದೂರ ಇಟ್ಟು ದುಡಿದವರಲ್ಲ, ಇಷ್ಟು ಖಂಡಿತ ಹೇಳಬಲ್ಲೆ. ಬಿಷಪ್ ಲೆಫ್ರಾಯ್ ರಸ್ತೆಯ ಮನೆಯಲ್ಲಿ, ಪುಸ್ತಕಗಳ ನಡುವೆ ಕುರ್ಚಿ ಹಾಕಿಕೊಂಡು, ತೊಡೆ ಮೇಲೆ ಹಲಗೆ ಇಟ್ಟು ಬರೆಯುತ್ತಿದ್ದರು. ಬೆಲ್ ಆದರೆ ತಾವೇ ಎದ್ದು ಬಾಗಿಲು ತೆಗೆಯುತ್ತಿದ್ದರು. ಫೋನನ್ನೂ ತಾವೇ ಎತ್ತುತ್ತಿದ್ದರು.

ನಿಮ್ಮ ಮಗನ ಹಟ ಓದಿದಾಗ ನನಗೆ ತಟ್ಟನೆ ಸಂದೀಪ್ ನೆನಪಾದ. ಅಪ್ಪನ ಸಿನಿಮಾಗಳೆಲ್ಲ ದೊಡ್ಡವರವು, ದುಃಖದವು, ಮಕ್ಕಳಿಗೆ ಅಂತ ಒಂದು ಮಾಡು ಅಂತ ಆ ಹುಡುಗ ಕೇಳಿದ್ದ. ರಾಯ್ ಅದನ್ನು ಮಗುವಿನ ಮಾತು ಅಂತ ತಳ್ಳಿಹಾಕಲಿಲ್ಲ. ತಮ್ಮ ತಾತ ಉಪೇಂದ್ರಕಿಶೋರ್ ಬರೆದಿದ್ದ ಒಂದು ಕಥೆ ಎತ್ತಿಕೊಂಡರು. ಹಾಡಲು ಬಾರದ ಗೂಪಿ, ಡೋಲು ಬಾರಿಸಲು ಬಾರದ ಬಾಘಾ, ದೆವ್ವಗಳ ರಾಜ ಕೊಟ್ಟ ವರ. 1969ರಲ್ಲಿ 'ಗೂಪಿ ಗೈನ್ ಬಾಘಾ ಬೈನ್' ಬಂತು. ಮುತ್ತಾತನ ಕಥೆ ಮರಿಮಗನ ಆಸೆಗೆ ಸಿನಿಮಾ ಆಯಿತು. ಬಂಗಾಳದ ಮಕ್ಕಳು ಇವತ್ತಿಗೂ ಅದನ್ನು ಬಿಟ್ಟಿಲ್ಲ.

ಪತ್ರಿಕೆ ನಡೆಸುವವನಾಗಿ ಇನ್ನೊಂದು ಮಾತು ಹೇಳಲೇಬೇಕು. ತಾತ 1913ರಲ್ಲಿ ಶುರುಮಾಡಿದ್ದ 'ಸಂದೇಶ್' ಎಂಬ ಮಕ್ಕಳ ಪತ್ರಿಕೆ ನಿಂತುಹೋಗಿತ್ತು. 1961ರಲ್ಲಿ ರಾಯ್ ಕವಿ ಸುಭಾಷ್ ಮುಖೋಪಾಧ್ಯಾಯರ ಜೊತೆ ಸೇರಿ ಮತ್ತೆ ಹೊರತಂದರು. ಮುಂದೆ ಅತ್ತೆ ಲೀಲಾ ಮಜುಂದಾರ್, ಸಂಬಂಧಿ ನಳಿನಿ ದಾಸ್ ಸಂಪಾದಕತ್ವಕ್ಕೆ ಕೈಜೋಡಿಸಿದರು. ಮುಖಪುಟ, ಒಳಗಿನ ಚಿತ್ರಗಳನ್ನು ರಾಯ್ ತಾವೇ ಬರೆಯುತ್ತಿದ್ದರು. ಪತ್ತೇದಾರ ಫೆಲೂದಾ ಹುಟ್ಟಿದ್ದು ಅದೇ ಪುಟಗಳಲ್ಲಿ, 1965ರಲ್ಲಿ. ಜಗತ್ತಿನ ಸಿನಿಮಾ ಮಂದಿ ದಾರಿ ಕಾಯುತ್ತಿದ್ದ ಮನುಷ್ಯ, ಮಕ್ಕಳ ಪತ್ರಿಕೆಗೆ ಕಥೆ ಕೊಡಬೇಕು ಅಂತ ಕೂತು ಬರೆಯುತ್ತಿದ್ದ!

1983ರಲ್ಲಿ 'ಘರೆ ಬೈರೆ' ಸಿನಿಮಾ ಅರ್ಧದಲ್ಲಿದ್ದಾಗ ರಾಯ್‌ಗೆ ಹೃದಯಾಘಾತವಾಯಿತು. ಉಳಿದ ಕೆಲಸವನ್ನು ಅವರು ಹೇಳಿದ ಹಾಗೆ ಮುಗಿಸಿದವನು ಸಂದೀಪ್. ಕೊನೆಯ ಸಿನಿಮಾಗಳ ಹೊತ್ತಿಗೆ ಹೊರಗಿನ ಶೂಟಿಂಗ್‌ಗೆ ವೈದ್ಯರ ಒಪ್ಪಿಗೆ ಇರಲಿಲ್ಲ. ರಾಯ್ ಕುರ್ಚಿಯಲ್ಲಿ ಕೂತು ಹೇಳುತ್ತಿದ್ದರು, ಕ್ಯಾಮೆರಾ ಹಿಂದೆ ಮಗ ಇರುತ್ತಿದ್ದ. 1990ರ 'ಶಾಖಾ ಪ್ರಶಾಖಾ' ಹಾಸಿಗೆ ಹಿಡಿದ ತಂದೆ ಮತ್ತು ನಾಲ್ವರು ಗಂಡುಮಕ್ಕಳ ಕಥೆ. ಸಿಕ್ಕರೆ ನೀವಿಬ್ಬರೂ ಕೂತು ನೋಡಿ. 1992ರ ಮಾರ್ಚ್‌ನಲ್ಲಿ ಆಸ್ಕರ್ ಗೌರವವನ್ನೂ ಅವರು ಕಲ್ಕತ್ತಾದ ಆಸ್ಪತ್ರೆಯ ಹಾಸಿಗೆಯಲ್ಲೇ ಸ್ವೀಕರಿಸಿದರು. ಏಪ್ರಿಲ್ 23ಕ್ಕೆ ಹೋಗಿಬಿಟ್ಟರು.

ನಿಮ್ಮ ಯಜಮಾನರ ಮೇಲೆ ದೂರು ಹೇಳಲು ನನಗೆ ಮನಸ್ಸಿಲ್ಲ. ಸಹಾಯಕ ನಿರ್ದೇಶಕರ ದುಡಿಮೆ ನನಗೆ ಗೊತ್ತು. ಬೆಳಗಿನ ಐದಕ್ಕೆ ಹೊರಟರೆ ರಾತ್ರಿ ಪ್ಯಾಕಪ್ ಆಗುವ ತನಕ ನಿಂತೇ ಇರಬೇಕು. ಎಂಟೇ ದಿನ ಮನೆಯಲ್ಲಿರುವುದು ಅವರ ಕೈಯಲ್ಲಿ ಇಲ್ಲದಿರಬಹುದು. ಆದರೆ ಕಲೆ ಮತ್ತು ಸಂಸಾರ ಒಗ್ಗಲ್ಲ ಅನ್ನುವ ಮಾತಿಗೆ ಮಾಣಿಕ್‌ದಾ ಹೆಸರನ್ನು ಮಾತ್ರ ಸಾಕ್ಷಿಗೆ ಕರೆಯಬೇಡಿ ಅಂತ ಅವರಿಗೆ ಹೇಳಿ. ಮಗನನ್ನು ಒಂದು ದಿನ ಸೆಟ್‌ಗೆ ಕರೆದುಕೊಂಡು ಹೋಗಲಿ. ಬಿಸಿಲು, ಕಾಯುವಿಕೆ ನೋಡಿ ಮಧ್ಯಾಹ್ನದ ಹೊತ್ತಿಗೆ ಅವನಿಗೇ ಬೇಜಾರಾಗಬಹುದು. ಆಗದೆಯೂ ಇರಬಹುದು.

ಮುಂದಿನ ಸಂಚಿಕೆಯಲ್ಲಿ 'ಸಂದೇಶ್' ಪತ್ರಿಕೆಯ ಬಗ್ಗೆಯೇ ನಾಲ್ಕು ಪುಟ ಇಟ್ಟಿದ್ದೇವೆ. ಒಂದು ಪ್ರತಿಯನ್ನು ನಿಮ್ಮ ಮಗನ ಹೆಸರಿಗೇ ಕಳಿಸುತ್ತೇನೆ. ಅಪ್ಪನ ಜೊತೆ ಶೂಟಿಂಗ್‌ಗೆ ಹೋಗಿಬಂದರೆ, ಅಲ್ಲಿ ಏನು ಕಂಡ ಅಂತ ನಮಗೆ ಒಂದು ಪುಟ ಬರೆಯಲಿ.

ಸಂಪಾದಕ