ಕರಿಯನನ್ನು ಬಂದರಿನಲ್ಲಿ ಬಿಟ್ಟು ಬರಬೇಡಿ

ಪ್ರಶ್ನೆ: ನಮ್ಮ ಮನೆ ಕಾರವಾರದ ಕೋಡಿಬಾಗದಲ್ಲಿ. ನಾಲ್ಕು ಬೆಕ್ಕುಗಳಿವೆ. ಚಿನ್ನಿಗೆ ಆರು ವರ್ಷ. ಅವಳ ಮಕ್ಕಳು ಕರಿಯ, ಬಿಳಿಯ, ಇಬ್ಬರಿಗೂ ಎರಡೂವರೆ. ಈ ಮಳೆಗಾಲದಲ್ಲಿ ಮೀನು ಮಾರ್ಕೆಟ್ ಹತ್ತಿರ ಸಿಕ್ಕಿದ ಪುಟ್ಟಿಗೆ ನಾಲ್ಕೈದು ತಿಂಗಳು. ಒಂದು ತಿಂಗಳಿಂದ ಕರಿಯ ಸೊರಗುತ್ತಿದ್ದ. ನಮ್ಮವರು ರಜೆ ಹಾಕಿ, ಬುಟ್ಟಿಯಲ್ಲಿಟ್ಟುಕೊಂಡು ರೈಲಿನಲ್ಲಿ ಮಡಗಾಂವ್‌ಗೆ ಕರೆದುಕೊಂಡು ಹೋದರು. ಅಲ್ಲಿ ರಕ್ತ ತೆಗೆದು ಕಿಟ್‌ನಲ್ಲಿ ನೋಡಿ ‘ಲುಕೇಮಿಯಾ ಪಾಸಿಟಿವ್’ ಅಂದರು. ಎರಡು ತಿಂಗಳಿಗೆ ನಾದಿನಿ ಹೆರಿಗೆಗೆ ಬರುವವಳಿದ್ದಾಳೆ. ‘ರಕ್ತದ ಕ್ಯಾನ್ಸರ್ ಇರೋ ಬೆಕ್ಕು ಬಸುರಿ ಇರೋ ಮನೆಯಲ್ಲಿ ಬೇಡ, ಬೈತಖೋಲ ಬಂದರಿನಲ್ಲಿ ಬಿಟ್ಟು ಬನ್ನಿ, ಮೀನು ತಿಂದು ಬದುಕುತ್ತದೆ’ ಎನ್ನುತ್ತಾರೆ ಅತ್ತೆ. ನಮ್ಮವರು ‘ಇಂಜೆಕ್ಷನ್ ಕೊಡಿಸಿ ಮುಗಿಸೋಣ’ ಎನ್ನುತ್ತಾರೆ. ಕರಿಯ ಮತ್ತು ಬಿಳಿಯ ಹುಟ್ಟಿದಾಗಿನಿಂದ ಒಂದೇ ಗೋಣಿಯ ಮೇಲೆ ಮಲಗುವವರು. ನಾನೇನು ಮಾಡಲಿ?

ಉತ್ತರ: ತಂಗೀ, ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಮೊದಲು ಒಂದು ಮಾತು. ನಿಮ್ಮ ಮನೆಯಲ್ಲಿ ಯಾರೂ ಕೆಟ್ಟವರಲ್ಲ. ಅತ್ತೆಗೆ ಮಗಳ ಹೊಟ್ಟೆಯಲ್ಲಿರುವ ಮಗುವಿನ ಹೆದರಿಕೆ. ಬೆಕ್ಕಿಗಾಗಿ ರಜೆ ಹಾಕಿ ರೈಲು ಹತ್ತಿದ ಮನುಷ್ಯನಿಗೆ ಅದು ನರಳುವುದನ್ನು ನೋಡುವ ಹೆದರಿಕೆ. ಇಬ್ಬರ ಜೊತೆಗೂ ಜಗಳ ಬೇಡ. ಅವರ ಹೆದರಿಕೆಗೆ ಉತ್ತರ ಕೊಟ್ಟರೆ ಸಾಕು.

ಅತ್ತೆಯಿಂದ ಶುರು ಮಾಡೋಣ. ಹೆದರಿಸುತ್ತಿರುವುದು ‘ಲುಕೇಮಿಯಾ’, ಅಂದರೆ ರಕ್ತದ ಕ್ಯಾನ್ಸರ್, ಎಂಬ ಆ ಹೆಸರು. ಇದು ಬೆಕ್ಕಿನಿಂದ ಬೆಕ್ಕಿಗೆ ಹರಡುವ ಒಂದು ವೈರಸ್. 1964ರಲ್ಲಿ ಗ್ಲಾಸ್ಗೋದಲ್ಲಿ ವಿಲಿಯಂ ಜಾರೆಟ್ ಎಂಬ ಪಶುವೈದ್ಯರು ಮತ್ತು ಅವರ ಜೊತೆಗಾರರು ಕ್ಯಾನ್ಸರ್ ಬಂದ ಬೆಕ್ಕುಗಳಲ್ಲಿ ಇದನ್ನು ಕಂಡುಹಿಡಿದರು, ಹಾಗಾಗಿ ಆ ಹೆಸರು ಅಂಟಿಕೊಂಡಿತು. ಸೋಂಕು ತಗುಲಿದ ಎಲ್ಲ ಬೆಕ್ಕಿಗೂ ಕ್ಯಾನ್ಸರ್ ಬರುವುದಿಲ್ಲ. ರಕ್ತ ಕಡಿಮೆಯಾಗುವುದು, ರೋಗ ತಡೆಯುವ ಶಕ್ತಿ ಕುಗ್ಗುವುದು, ಬಾಯಿ ಹುಣ್ಣಾಗುವುದು, ಇವೂ ಕಾಡುತ್ತವೆ. ಮನುಷ್ಯರಿಗೆ ಇದು ಬರುವುದಿಲ್ಲ. ಬಸುರಿಗೂ ಬರುವುದಿಲ್ಲ, ಹುಟ್ಟುವ ಮಗುವಿಗೂ ಬರುವುದಿಲ್ಲ, ನಾಯಿಗೂ ಬರುವುದಿಲ್ಲ. ಇದನ್ನು ಅತ್ತೆಗೆ ನೀವು ಹೇಳಬೇಡಿ, ಡಾಕ್ಟರ್ ಬಾಯಿಂದಲೇ ಫೋನಿನಲ್ಲಿ ಕೇಳಿಸಿ. ಸೊಸೆ ಹೇಳಿದ್ದಕ್ಕಿಂತ ಅದಕ್ಕೆ ತೂಕ ಜಾಸ್ತಿ, ಅಲ್ವಾ? ಬಸುರಿಯರು ಬೆಕ್ಕಿನ ಮಲದ ತಟ್ಟೆ ತೊಳೆಯಬಾರದು ಎನ್ನುವುದು ಮಾತ್ರ ನಿಜ. ಅದಕ್ಕೆ ಕಾರಣ ಟೊಕ್ಸೊಪ್ಲಾಸ್ಮಾ ಎಂಬ ಬೇರೆಯೇ ಪರೋಪಜೀವಿ, ಆರೋಗ್ಯವಾಗಿರುವ ಬೆಕ್ಕಿನಿಂದಲೂ ಬರಬಹುದು. ಆ ಕೆಲಸವನ್ನು ನೀವೇ ಮಾಡಿ, ನಾದಿನಿಗೆ ಬಿಡಬೇಡಿ.

ಬಂದರಿನ ಮಾತಿಗೆ ನಾನು ಒಪ್ಪುವುದಿಲ್ಲ. ಬೈತಖೋಲದಲ್ಲಿ ದೋಣಿ ಬಂದಾಗ ಎಷ್ಟು ಬೆಕ್ಕು ಸೇರುತ್ತವೆ ನೋಡಿದ್ದೀರಲ್ಲ. ಅಲ್ಲಿ ಊಟಕ್ಕೆ ಮುಂಚೆ ಜಗಳ. ಈ ವೈರಸ್ ಹೆಚ್ಚಾಗಿ ಇರುವುದೇ ಜೊಲ್ಲಿನಲ್ಲಿ. ಕಚ್ಚಿದರೆ, ನೆಕ್ಕಿದರೆ, ಒಂದೇ ಬಟ್ಟಲಲ್ಲಿ ತಿಂದರೆ ಹರಡುತ್ತದೆ. ಸೊರಗಿದ ಕರಿಯ ಅಲ್ಲಿ ಬಹಳ ದಿನ ಬಾಳುವುದಿಲ್ಲ, ಬಾಳಿದಷ್ಟು ದಿನ ಉಳಿದವಕ್ಕೂ ಹಂಚುತ್ತಾನೆ.

ಇನ್ನು ಇಂಜೆಕ್ಷನ್. ಒಂದೇ ಒಂದು ಕಿಟ್ ಟೆಸ್ಟ್ ನೋಡಿ ಯಾವ ಬೆಕ್ಕಿನ ಜೀವವನ್ನೂ ತೀರ್ಮಾನ ಮಾಡಬಾರದು. ಆ ಕಿಟ್ ನೋಡುವುದು ರಕ್ತದಲ್ಲಿರುವ ವೈರಸ್‌ನ ಒಂದು ಪ್ರೋಟೀನನ್ನು. ಅದು ಕೆಲವೊಮ್ಮೆ ತಪ್ಪು ಹೇಳುತ್ತದೆ. ಲಕ್ಷಣಗಳಿರುವ ಬೆಕ್ಕಿನಲ್ಲಿ ನಿಜವಾಗಿರುವ ಸಾಧ್ಯತೆಯೇ ಹೆಚ್ಚು, ಅದನ್ನು ನಿಮ್ಮಿಂದ ಮುಚ್ಚಿಡುವುದಿಲ್ಲ. ಆದರೂ ವೈರಸ್‌ನ ವಂಶವಾಹಿಯನ್ನೇ ಹುಡುಕುವ ಪಿಸಿಆರ್ ಟೆಸ್ಟ್ ಮಾಡಿಸಿ, ಕೆಲವು ವಾರ ಬಿಟ್ಟು ಕಿಟ್ ಟೆಸ್ಟನ್ನೂ ಮತ್ತೊಮ್ಮೆ ಮಾಡಿಸಿ. ಸ್ಯಾಂಪಲ್ ಹೊರಗಿನ ಲ್ಯಾಬಿಗೆ ಕಳಿಸಬೇಕಾದೀತು, ಕೇಳಿ ನೋಡಿ. ಕೆಲವು ಬೆಕ್ಕುಗಳ ದೇಹ ವೈರಸ್ಸನ್ನು ಅದುಮಿ ಇಡುತ್ತದೆ. ಅಂಥವು ಬೇರೆಯವಕ್ಕೆ ಹರಡದೆ ವರ್ಷಗಟ್ಟಲೆ ಚೆನ್ನಾಗಿ ಬದುಕಬಹುದು. ಅದುಮಲು ಆಗದಿದ್ದರೆ ಹೆಚ್ಚಿನವು ಮೂರು ವರ್ಷದೊಳಗೆ ಸಾಯುತ್ತವೆ. ಅಂಥದ್ದರಲ್ಲೂ ಚೆನ್ನಾಗಿ ನೋಡಿಕೊಂಡರೆ ಹೆಚ್ಚು ದಿನ ಬದುಕಿದವು ಇವೆ. ಕರಿಯ ಯಾವ ಗುಂಪಿನವನು ಎಂದು ಗೊತ್ತಾಗುವ ಮೊದಲೇ ಯಾಕೆ ಮುಗಿಸಬೇಕು? ವೈರಸ್ಸನ್ನೇ ಓಡಿಸುವ ಔಷಧಿ ಇಲ್ಲ, ನಿಜ. ಆದರೆ ಬಾಯಿಯ ಹುಣ್ಣಿಗೆ, ಜ್ವರಕ್ಕೆ, ಬೇರೆ ಸೋಂಕಿಗೆ ಔಷಧಿ ಇದೆ. ಊಟ ಪೂರ್ತಿ ಬಿಟ್ಟು, ಔಷಧಿಗೂ ಬಗ್ಗದೆ, ಉಸಿರಾಡುವುದೇ ಕಷ್ಟವಾಗುವ ದಿನ ಬಂದರೆ ನಿಮ್ಮವರ ಮಾತನ್ನು ಮತ್ತೆ ಎತ್ತಿಕೊಳ್ಳಿ. ಆಗ ಅದೂ ಪ್ರೀತಿಯೇ.

ಈಗ ನಿಮ್ಮ ನಿಜವಾದ ಸಂಕಟಕ್ಕೆ ಬರುತ್ತೇನೆ. ಆ ಗೋಣಿ.

ಕರಿಯನನ್ನು ಇವತ್ತೇ ಬೇರೆ ಕೋಣೆಗೆ ಹಾಕಬೇಕು. ಬಿಳಿಯನನ್ನು ನೆನೆದು ಕರುಳು ಚುರ್ ಎಂದರೂ ಹಾಕಬೇಕು. ಹಲವು ವರ್ಷದ ಹಿಂದೆ ನಮ್ಮ ಶಿರಸಿ ಮನೆಯಲ್ಲೂ ಹೀಗೆ ಎರಡು ಬೆಕ್ಕನ್ನು ಬೇರೆ ಮಾಡಬೇಕಾಯಿತು. ಹೊರಗಿದ್ದದ್ದು ಅಡಿಕೆ ಕೋಣೆಯ ಬಾಗಿಲ ಸಂದಿಗೆ ಮೂಗು ಇಟ್ಟುಕೊಂಡು ಮೂರು ರಾತ್ರಿ ಕೂಗಿತು. ನಾಲ್ಕನೇ ರಾತ್ರಿ ಸುಮ್ನೆ ಬಾಗಿಲಿಗೆ ಬೆನ್ನು ಒತ್ತಿ ಮಲಗಿತು. ಒಳಗಿನದ್ದೂ ಆ ಕಡೆಯಿಂದ ಹಾಗೇ ಮಲಗಿತ್ತು. ನಾನು ದಿನಾ ರಾತ್ರಿ ಊಟ ಆದಮೇಲೆ ಒಳಗೆ ಹೋಗಿ ಅರ್ಧ ಗಂಟೆ ಅದರ ಕತ್ತು ಕೆರೆಯುತ್ತಾ ಕೂರುತ್ತಿದ್ದೆ. ನೀವೂ ಕೂತುಕೊಳ್ಳಿ. ಬೇರೆ ಕೋಣೆ ಎಂದರೆ ಜೈಲು ಆಗಬಾರದು. ಬಿಸಿಲು ಬೀಳುವ ಕಿಟಕಿ ಇರುವ ಕೋಣೆ ಕೊಡಿ, ಹತ್ತಿ ಕೂರಲು ಒಂದು ಸ್ಟೂಲ್ ಇಡಿ. ಆ ಹಳೇ ಗೋಣಿ ಕರಿಯನಿಗೇ ಇರಲಿ, ಬಿಳಿಯನಿಗೆ ಹೊಸದು ಹಾಸಿ. ಬಾಗಿಲಿಗೆ ಬರೀ ಜಾಳಿಗೆ ಹಾಕಿದರೆ ಸಾಲದು, ಅದರೊಳಗಿಂದಲೇ ನೆಕ್ಕಿಕೊಳ್ಳುತ್ತವೆ.

ಉಳಿದ ಮೂವರ ರಕ್ತವನ್ನೂ ಈಗಲೇ ಪರೀಕ್ಷೆ ಮಾಡಿಸಿ. ನೆಗೆಟಿವ್ ಬಂದರೆ ನಿಶ್ಚಿಂತೆ ಅಂದುಕೊಳ್ಳಬೇಡಿ. ಹೊಸ ಸೋಂಕು ಟೆಸ್ಟಿನಲ್ಲಿ ಕಾಣಲು ಸಮಯ ಬೇಕು. ಕರಿಯನಿಂದ ಬೇರೆಯಾದ ದಿನದಿಂದ ಕನಿಷ್ಠ 30 ದಿನ ಬಿಟ್ಟು ಇನ್ನೊಮ್ಮೆ ನೋಡಿಸಿ. ಚಿನ್ನಿಯ ಬಗ್ಗೆ ನನಗೆ ಅಷ್ಟು ಚಿಂತೆ ಇಲ್ಲ. ಬೆಳೆದ ಬೆಕ್ಕುಗಳು ಇದನ್ನು ಎದುರಿಸಿ ನಿಲ್ಲುವುದು ಜಾಸ್ತಿ. ಚಿಂತೆ ಇರುವುದು ಪುಟ್ಟಿಯದ್ದು. ಮರಿಗಳಿಗೆ ಇದು ಬೇಗ ತಗುಲುತ್ತದೆ, ಕೆಟ್ಟದಾಗಿ ತಗುಲುತ್ತದೆ. ಜೊತೆಗೆ, ಅವಳೇ ಮಾರ್ಕೆಟ್ಟಿನಿಂದ ತಂದಿದ್ದರೂ ತಂದಿರಬಹುದು. ಫಲಿತಾಂಶ ಬರುವವರೆಗೆ ಅವಳೂ ಉಳಿದಿಬ್ಬರಿಂದ ದೂರ ಇದ್ದರೆ ಒಳ್ಳೆಯದು. ಇನ್ಮೇಲೆ ಎಷ್ಟೇ ಪಾಪ ಅನ್ನಿಸಿದರೂ ಟೆಸ್ಟ್ ಮಾಡಿಸದೆ ಹೊಸ ಬೆಕ್ಕನ್ನು ಒಳಗೆ ಬಿಡಬೇಡಿ.

ಬಿಳಿಯನದ್ದೂ ಪಾಸಿಟಿವ್ ಅಂತ ಖಚಿತವಾದರೆ? ಬೇಸರದ ಸುದ್ದಿಯೇ. ಆದರೆ ಆಗ ಅಣ್ಣ ತಮ್ಮ ಒಟ್ಟಿಗೆ ಇರಬಹುದು. ನೆಗೆಟಿವ್ ಆಗೇ ಉಳಿದವರಿಗೆ ಲಸಿಕೆ ಇದೆ, ಮೂರ್ನಾಲ್ಕು ವಾರದ ಅಂತರದಲ್ಲಿ ಎರಡು ಡೋಸ್. ಬೆಕ್ಕುಗಳಿಗೆ ಸಾಮಾನ್ಯವಾಗಿ ಹಾಕುವ ‘ತ್ರೀ ಇನ್ ಒನ್’ ಲಸಿಕೆಯಲ್ಲಿ ಇದು ಸೇರಿರುವುದಿಲ್ಲ. ‘ಫೆಲೈನ್ ಲುಕೇಮಿಯಾ ಲಸಿಕೆ’ ಎಂದು ಹೆಸರು ಹೇಳಿ ಕೇಳಿ, ತರಿಸಬೇಕಾಗಬಹುದು. ಪೂರ್ತಿ ರಕ್ಷಣೆ ಅದರಿಂದಲೂ ಇಲ್ಲ, ಆದ್ದರಿಂದ ಲಸಿಕೆ ಆಯಿತೆಂದು ಬಾಗಿಲು ತೆಗೆಯಬೇಡಿ. ಕರಿಯನಿಗೆ ಈಗ ಆ ಲಸಿಕೆಯಿಂದ ಉಪಯೋಗವಿಲ್ಲ.

ದಿನದ ಕೆಲಸ ನೀವು ಅಂದುಕೊಂಡಷ್ಟು ಕಷ್ಟವಲ್ಲ. ಮೊದಲು ಆರೋಗ್ಯವಾಗಿರುವವರಿಗೆ ಊಟ, ಕೊನೆಗೆ ಕರಿಯನಿಗೆ. ಆಮೇಲೆ ಸೋಪು ಹಚ್ಚಿ ಕೈ ತೊಳೆಯಿರಿ. ಅವನ ಬಟ್ಟಲು, ಮಲದ ತಟ್ಟೆ ಬೇರೆ ಇರಲಿ. ಈ ವೈರಸ್ ದೇಹದಿಂದ ಹೊರಗೆ ಬಂದರೆ ಬಹಳ ದುರ್ಬಲ. ಒಣಗಿದ ಜಾಗದಲ್ಲಿ ಕೆಲವೇ ಗಂಟೆ ಉಳಿಯುತ್ತದೆ, ಸೋಪಿನ ನೀರಿಗೇ ಸಾಯುತ್ತದೆ. ನಮ್ಮ ಕರಾವಳಿಯ ತೇವಕ್ಕೆ ಯಾವುದೂ ಬೇಗ ಒಣಗುವುದಿಲ್ಲ, ಅದಕ್ಕೆ ಬಟ್ಟಲನ್ನು ಬಿಸಿಲಿಗೆ ಕವುಚಿ ಇಡಿ.

ಬಂಗಡೆ ಹೆಚ್ಚುವಾಗ ತಲೆ, ಕರುಳು ಎಸೆಯುವ ಅಭ್ಯಾಸ ನಿಮ್ಮಲ್ಲೂ ಇರಬೇಕು. ಕರಿಯನಿಗೆ ಹಸಿ ಮೀನು ಬೇಡವೇ ಬೇಡ. ಅದರಲ್ಲಿರುವ ಸೂಕ್ಷ್ಮಜೀವಿಗಳನ್ನು ತಡೆಯುವ ಶಕ್ತಿ ಅವನಿಗೆ ಈಗಿಲ್ಲ. ಉಪ್ಪು, ಖಾರ, ಈರುಳ್ಳಿ, ಬೆಳ್ಳುಳ್ಳಿ ಏನೂ ಹಾಕದೆ ಬೇಯಿಸಿ, ಮುಳ್ಳು ಬಿಡಿಸಿ ಕೊಡಿ. ವಾರಕ್ಕೊಮ್ಮೆ ತೂಕ ನೋಡಿ ಬರೆದಿಡಿ. ತುಟಿ ಎತ್ತಿ ವಸಡು ನೋಡಿ. ಗುಲಾಬಿ ಬಣ್ಣ ಇದ್ದರೆ ಸರಿ, ಬೆಳ್ಳಗಾಗಿದ್ದರೆ ಅದೇ ದಿನ ಡಾಕ್ಟರ್ ಹತ್ತಿರ ಹೋಗಿ. ಜ್ವರ ಬಂತೆಂದು ಮನೆಯಲ್ಲಿರುವ ಪ್ಯಾರಾಸಿಟಮಾಲ್ ಮಾತ್ರ ಕೊಡಬೇಡಿ, ಬೆಕ್ಕಿಗೆ ಅದು ವಿಷ. ಸಂತಾನಹರಣ ಆಗಿಲ್ಲದಿದ್ದರೆ ಉಳಿದವರಿಗೆ ಬೇಗ ಮಾಡಿಸಿ, ಕರಿಯನಿಗೆ ಸ್ವಲ್ಪ ಚೇತರಿಸಿಕೊಂಡ ಮೇಲೆ. ರಾತ್ರಿ ಹೊರಗೆ ಹೋಗಿ ಕಚ್ಚಾಡುವುದು ಅಷ್ಟರಮಟ್ಟಿಗೆ ಕಡಿಮೆಯಾಗುತ್ತದೆ.

ನಾದಿನಿ ಬರಲು ಎರಡು ತಿಂಗಳಿದೆ. ಇವತ್ತು ಕೋಣೆ ಬೇರೆ ಮಾಡಿದರೆ, ಅವಳು ಬರುವಷ್ಟರಲ್ಲಿ ಎಲ್ಲರ ಎರಡನೇ ರಿಪೋರ್ಟೂ ಕೈಯಲ್ಲಿರುತ್ತದೆ. ನಿಮ್ಮವರನ್ನು ಇನ್ನೊಂದು ಸಲ ರಜೆ ಕೇಳಿ. ಮೊದಲು ಪುಟ್ಟಿಯನ್ನು ಕರೆದುಕೊಂಡು ಹೋಗಿ. ಕರಿಯ ಹೋದ ಬುಟ್ಟಿಯನ್ನು ಮಾತ್ರ ತೊಳೆದು ಒಣಗಿಸಿಕೊಳ್ಳಿ.